ಬೀಜಕ್ಕಿಂತ ಮೊದಲು ಮೇವು: ಹಸುವಿನ ಗಬ್ಬದ ಒಂದು ಕಿರುಚರಿತ್ರೆ

ಇತಿಹಾಸವೆಂದರೆ ಪಟ್ಟಾಭಿಷೇಕ, ಯುದ್ಧ ಮತ್ತು ಒಪ್ಪಂದಗಳ ಇಸವಿಗಳ ಪಟ್ಟಿ ಎಂಬ ಭಾವನೆ ನನ್ನ ತರಗತಿಯಲ್ಲಿ ಕುಳಿತಿದ್ದ ಅನೇಕರಲ್ಲಿತ್ತು. ಪಠ್ಯಪುಸ್ತಕಗಳು ಹಾಗಿದ್ದುದರಿಂದ ಅದು ಮಕ್ಕಳ ತಪ್ಪಲ್ಲ. ಆದರೆ ನಮ್ಮ ಸೀಮೆಯ ಸಾವಿರಾರು ಮನೆಗಳ ಮಟ್ಟಿಗೆ ಯಾವ ಅರಸ ಯಾವಾಗ ಪಟ್ಟಕ್ಕೆ ಬಂದ ಎಂಬುದಕ್ಕಿಂತ ಕೊಟ್ಟಿಗೆಯ ಹಸು ಯಾವಾಗ ಗಬ್ಬವಾಯಿತು, ಯಾವಾಗ ಕರು ಹಾಕಿತು ಎಂಬ ತಾರೀಖೇ ಹೆಚ್ಚು ಮುಖ್ಯವಾದದ್ದು. ಮಗಳ ಶಾಲೆಯ ಶುಲ್ಕ, ಅಂಗಡಿಯ ಬಾಕಿ, ಹಬ್ಬದ ಬಟ್ಟೆ, ಇವೆಲ್ಲವೂ ಆ ಒಂದು ತಾರೀಖಿನ ಮೇಲೆ ನಿಂತಿರುತ್ತವೆ.

ಹಸು ಸಾಕಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗಲೆಲ್ಲ ಹೇಳುವ ದೂರು ಒಂದೇ: "ಸಾರ್, ಮೂರು ಸಲ ಸೂಜಿ ಹಾಕಿಸಿದೆವು, ಹಸು ನಿಲ್ಲಲಿಲ್ಲ." ನಾನು ಪಶುವೈದ್ಯನಲ್ಲ, ಚರಿತ್ರೆಯ ಮೇಷ್ಟರು. ಆದ್ದರಿಂದ ಈ ಪ್ರಶ್ನೆಯನ್ನು ನನಗೆ ತಿಳಿದ ದಾರಿಯಲ್ಲಿಯೇ ನೋಡಲು ಯತ್ನಿಸುತ್ತೇನೆ. ನಮ್ಮ ನಾಡಿನಲ್ಲಿ ಹಸುವಿನ ಸಂತಾನಶಕ್ತಿಯನ್ನು ಹೆಚ್ಚಿಸಲು ಏನೇನು ನಡೆಯಿತು, ಅದರಲ್ಲಿ ಯಾವುದು ಫಲಿಸಿತು, ಯಾವುದು ಅರ್ಧಕ್ಕೆ ನಿಂತಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಸಣ್ಣ ಲೆಕ್ಕ. ಹಸುವಿನ ಗರ್ಭಾವಧಿ ಸುಮಾರು 280 ದಿನಗಳು. ವರ್ಷಕ್ಕೊಂದು ಕರು ಬೇಕೆಂದರೆ 365ರಲ್ಲಿ 280 ಕಳೆದು ಉಳಿಯುವ 85 ದಿನಗಳೊಳಗೆ ಅದು ಪುನಃ ಗಬ್ಬ ಕಟ್ಟಬೇಕು. ಕರು ಹಾಕಿದ ಮೇಲೆ ಗರ್ಭಕೋಶ ತನ್ನ ಮೊದಲಿನ ಸ್ಥಿತಿಗೆ ಬರಲು ನಲವತ್ತು ದಿನಗಳಾದರೂ ಬೇಕು. ಉಳಿದದ್ದು ನಲವತ್ತೈದು ದಿನ. ಹಸು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಅಂದರೆ ನಮ್ಮ ಕೈಗೆ ಸಿಗುವುದು ಎರಡೇ ಎರಡು ಅವಕಾಶ. ಒಂದು ತಪ್ಪಿದರೆ ಮೂರು ವಾರದ ಮೇವು ವ್ಯರ್ಥ. ಒಂಬತ್ತು ವರ್ಷಗಳ ಅವಧಿಯಲ್ಲಿ ಹದಿಮೂರು ತಿಂಗಳಿಗೊಮ್ಮೆ ಕರು ಹಾಕುವ ಹಸುವಿನಿಂದ ಎಂಟು ಕರುಗಳು ದೊರೆತರೆ, ಹದಿನೆಂಟು ತಿಂಗಳಿಗೊಮ್ಮೆ ಹಾಕುವ ಹಸುವಿನಿಂದ ಆರೇ ಕರುಗಳು. ಎರಡು ಕರುಗಳೂ ಅವುಗಳೊಡನೆ ಬರಬೇಕಾಗಿದ್ದ ಹಾಲೂ ಯಾರಿಗೂ ತಿಳಿಯದಂತೆ ಕಳೆದುಹೋಗುತ್ತವೆ. ಸತ್ತ ಹಸುವಿಗಾಗಿ ಮನೆಯವರೆಲ್ಲ ಅಳುತ್ತಾರೆ. ಹುಟ್ಟದೆ ಹೋದ ಕರುವಿಗಾಗಿ ಅಳುವವರಿಲ್ಲ.

ಈಗ ಚರಿತ್ರೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ದನಗಳ ವ್ಯವಸ್ಥಿತ ಪಾಲನೆಯೆಂದರೆ ಕೂಡಲೇ ನೆನಪಾಗುವುದು ಅಮೃತಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎಂದು ಕರೆಯಲ್ಪಡುತ್ತಿದ್ದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಆಳ್ವಿಕೆಯಲ್ಲಿ. ಸೈನ್ಯದ ಫಿರಂಗಿಗಳನ್ನೂ ಸಾಮಗ್ರಿಗಳನ್ನೂ ಎಳೆಯುವ ಎತ್ತುಗಳನ್ನು ಒದಗಿಸುವುದು ಅದರ ಮುಖ್ಯ ಕೆಲಸವಾಗಿತ್ತು. ಆ ಎತ್ತುಗಳ ಓಟವನ್ನು ಹೊಗಳಿದವರು ಬಹಳ ಮಂದಿ. ಆದರೆ ಅವುಗಳನ್ನು ಬೆಳೆಸಿದ ವ್ಯವಸ್ಥೆಯನ್ನು ಗಮನಿಸಿದವರು ಕಡಿಮೆ. ಆ ವ್ಯವಸ್ಥೆಯ ತಿರುಳು ಕಾವಲು ಎಂಬ ಹುಲ್ಲುಗಾವಲುಗಳಲ್ಲಿತ್ತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳನ್ನು ವಿಂಗಡಿಸಿ, ಋತುವಿಗೆ ತಕ್ಕಂತೆ ಹಿಂಡುಗಳನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಸಿಕೊಂಡು ಹೋಗಲಾಗುತ್ತಿತ್ತು. ಆರಿಸಿದ ಹೋರಿಗಳನ್ನು ಮಾತ್ರ ತಳಿಗಾಗಿ ಉಳಿಸಿಕೊಂಡು ಉಳಿದವುಗಳ ಬೀಜ ಒಡೆಯಲಾಗುತ್ತಿತ್ತು. ಮೇವಿನ ನಿರ್ವಹಣೆ ಮತ್ತು ತಳಿಯ ನಿರ್ವಹಣೆ ಎಂದು ಇಂದು ನಾವು ಎರಡು ಹೆಸರಿನಿಂದ ಕರೆಯುವುದು ಅಲ್ಲಿ ಒಂದೇ ಕೆಲಸದ ಎರಡು ಮುಖಗಳಾಗಿದ್ದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡುಗಳು ಬ್ರಿಟಿಷರ ಕೈಸೇರಿದವು. 1860ರಲ್ಲಿ, ಮದ್ರಾಸ್ ಸರ್ಕಾರ ಖರ್ಚು ಉಳಿಸುವ ನೆಪದಲ್ಲಿ ಅವುಗಳನ್ನು ಮಾರಿ ಚದುರಿಸಿತು. ಆರು ವರ್ಷ ಕಳೆಯುವಷ್ಟರಲ್ಲಿ ಒಳ್ಳೆಯ ಎತ್ತುಗಳಿಗೆ ಕೊರತೆಯುಂಟಾಗಿ, 1866ರಲ್ಲಿ ಹಿಂಡನ್ನು ಪುನಃ ಕಟ್ಟಬೇಕಾಯಿತು. ಮಾರುವುದಕ್ಕೆ ಒಂದು ಆದೇಶ ಸಾಕು. ಕಟ್ಟುವುದಕ್ಕೆ ತಲೆಮಾರುಗಳು ಬೇಕು. ಈ ಮಾತು ಹಸುವಿಗಷ್ಟೇ ಅನ್ವಯಿಸುವುದಲ್ಲವೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಅರಮನೆಯ ಹಿಂಡಿನ ಕಥೆ ಹೀಗಾದರೆ ಹಳ್ಳಿಯ ಹಸುವಿನ ಕಥೆ ಬೇರೆ. ಹಳ್ಳಿಯಲ್ಲಿ ಗೋಮಾಳವಿತ್ತು, ದೇವರ ಹೆಸರಿನಲ್ಲಿ ಬಿಟ್ಟ ಬಸವನಿದ್ದ. ಹರಕೆಗಾಗಿ ಒಳ್ಳೆಯ ಹೋರಿಗರುವನ್ನು ಬಿಡುವ ಸಂಪ್ರದಾಯ ಉಳಿದಿರುವವರೆಗೆ ಊರಿನ ತಳಿಗೆ ರಕ್ಷಣೆಯಿತ್ತು. ಕಾಲಕ್ರಮೇಣ ಒಳ್ಳೆಯ ಹೋರಿಗರುಗಳು ನೊಗಕ್ಕೆ ಹೋದವು; ಬೀಜ ಒಡೆಯದೆ ಉಳಿದ ಬಡಕಲು ಹೋರಿಗಳೇ ಗೋಮಾಳದಲ್ಲಿ ಹಸುಗಳ ಹಿಂದೆ ಓಡಾಡಿದವು. ಗೋಮಾಳವೂ ವರ್ಷವರ್ಷಕ್ಕೆ ಕಿರಿದಾಗುತ್ತ ಬಂದಿತು. ರೈತನಿಗೆ ಬೇಕಾಗಿದ್ದುದು ಉಳುವ ಎತ್ತು. ಹಾಲು ಮನೆಯ ಮಕ್ಕಳಿಗೆ ಸಿಕ್ಕರೆ ಸಾಕು. ಆದ್ದರಿಂದ ದುಡಿಯುವ ಎತ್ತಿಗೆ ಹುರುಳಿ ಮತ್ತು ಹಿಂಡಿ, ಹಸುವಿಗೆ ಒಣಹುಲ್ಲು ಎಂಬುದು ಬಹುತೇಕ ಮನೆಗಳ ಅಲಿಖಿತ ನಿಯಮವಾಯಿತು.

ಈ ನಿಯಮದ ಪರಿಣಾಮವನ್ನು ಸ್ಪಷ್ಟವಾಗಿ ಗುರುತಿಸಿದ್ದು ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ. 1926ರಲ್ಲಿ ನೇಮಕವಾಗಿ 1928ರಲ್ಲಿ ವರದಿ ಕೊಟ್ಟ ಆ ಆಯೋಗ ಭಾರತದ ದನಗಳ ಸ್ಥಿತಿಯನ್ನು ಒಂದು ವಿಷವರ್ತುಲವಾಗಿ ಕಂಡಿತು. ಅದರ ವಾದದ ಸಾರಾಂಶವಿದು: ಮೇವು ಕಡಿಮೆಯಾದಾಗ ಹಸುಗಳ ಸಂತಾನಶಕ್ತಿ ಕುಗ್ಗುತ್ತದೆ, ಹುಟ್ಟಿದ ಕರುಗಳೂ ಕುಬ್ಜವಾಗುತ್ತವೆ. ಕೆಲಸಕ್ಕೆ ಬರುವ ಒಂದು ಜೊತೆ ಎತ್ತು ಸಿಗಲೆಂದು ರೈತನು ಇನ್ನೂ ಹೆಚ್ಚು ಹಸುಗಳನ್ನು ಕಟ್ಟುತ್ತಾನೆ. ಹಸುಗಳು ಹೆಚ್ಚಿದಂತೆ ಪ್ರತಿಯೊಂದರ ಪಾಲಿನ ಮೇವು ಇನ್ನೂ ಕಡಿಮೆಯಾಗುತ್ತದೆ. ಮತ್ತೆ ಸಂತಾನಶಕ್ತಿ ಕುಗ್ಗುತ್ತದೆ. ಸುಮಾರು ನೂರು ವರ್ಷಗಳ ಹಿಂದಿನ ಈ ಮಾತನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದಿದು: ಗೊಡ್ಡುತನವೆಂಬುದು ಹಸುವಿನ ಹಣೆಬರಹವೆಂದು ನಂಬಿದ್ದ ಸಮಾಜಕ್ಕೆ, ಅದು ಬಹುಮಟ್ಟಿಗೆ ಗೋದಲಿಯ ಬರಹವೆಂದು ಆ ವರದಿ ತೋರಿಸಿಕೊಟ್ಟಿತು.

ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ಒಂದು ಸಂಶೋಧನೆ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಅಲ್ಲಿನ ಹುಲ್ಲುಗಾವಲಿನ ದನಗಳು ಸತ್ತ ಪ್ರಾಣಿಗಳ ಎಲುಬುಗಳನ್ನು ಅಗಿಯುವ ವಿಚಿತ್ರ ಚಟಕ್ಕೆ ಬಿದ್ದಿದ್ದವು. ಆರ್ನಾಲ್ಡ್ ಥೈಲರ್ ಎಂಬ ಪಶುವೈದ್ಯ ವಿಜ್ಞಾನಿ ಪರೀಕ್ಷಿಸಿ, ಆ ನೆಲದ ಹುಲ್ಲಿನಲ್ಲಿ ರಂಜಕದ ಕೊರತೆಯಿರುವುದೇ ಇದಕ್ಕೆ ಕಾರಣವೆಂದು ಕಂಡುಹಿಡಿದರು. ಎಲುಬಿನ ಪುಡಿಯನ್ನು ಮೇವಿನೊಡನೆ ಕೊಟ್ಟಾಗ ಚಟ ನಿಂತಿತು. ಅಷ್ಟೇ ಅಲ್ಲ, ಹಸುಗಳು ಮೊದಲಿಗಿಂತ ಕ್ರಮವಾಗಿ ಗಬ್ಬ ಕಟ್ಟತೊಡಗಿದವು. ಹೋರಿ ಬದಲಾಗಿರಲಿಲ್ಲ, ತಳಿ ಬದಲಾಗಿರಲಿಲ್ಲ. ಬದಲಾದದ್ದು ಒಂದು ಹಿಡಿ ಪುಡಿ. ನಮ್ಮ ಹಳ್ಳಿಗಳಲ್ಲಿಯೂ ಗೋಡೆ ನೆಕ್ಕುವ, ಬಟ್ಟೆ ಅಗಿಯುವ, ಮಣ್ಣು ತಿನ್ನುವ ಹಸುಗಳನ್ನು ಎಲ್ಲರೂ ಕಂಡಿದ್ದೇವೆ. ಅದು ತುಂಟತನವಲ್ಲ, ಒಂದು ಅರ್ಜಿ.

ಇನ್ನು ಬೆಂಗಳೂರಿಗೆ ಬರೋಣ. 1923ರಲ್ಲಿ ಇಲ್ಲಿ ಇಂಪೀರಿಯಲ್ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆ ಆರಂಭವಾಯಿತು. 1927ರಲ್ಲಿ ವಿಶ್ರಾಂತಿಗಾಗಿ ಮೈಸೂರು ಸಂಸ್ಥಾನದಲ್ಲಿ ತಂಗಿದ್ದ ಗಾಂಧೀಜಿಯವರು ಆ ಸಂಸ್ಥೆಗೆ ಹೋಗಿ, ಹಸುವಿನ ಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತರು. ಗೋಸೇವೆಗೆ ಭಕ್ತಿಯೊಂದೇ ಸಾಲದು, ವಿದ್ಯೆಯೂ ಬೇಕೆಂಬುದನ್ನು ಅವರು ತಮ್ಮ ನಡೆಯಿಂದಲೇ ತೋರಿಸಿದರು. ಆ ಸಂಸ್ಥೆಯ ಮುಖ್ಯ ಭಾಗ 1955ರಲ್ಲಿ ಹರಿಯಾಣದ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು.

ಕೃತಕ ಗರ್ಭಧಾರಣೆಯ ಕಥೆಯಲ್ಲಿ ಮೈಸೂರಿಗೆ ವಿಶೇಷ ಸ್ಥಾನವಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಸ್ಪಲಾಂಜಾನಿ ಒಂದು ಹೆಣ್ಣುನಾಯಿಯಲ್ಲಿ ಈ ಪ್ರಯೋಗ ಮಾಡಿ ಮರಿಗಳನ್ನು ಪಡೆದಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ಇವಾನೊವ್ ಅದನ್ನು ಕುದುರೆ ಮತ್ತು ದನಗಳಿಗೆ ವಿಸ್ತರಿಸಿದರು. 1936ರಲ್ಲಿ ಡೆನ್ಮಾರ್ಕಿನ ರೈತರು ಇದಕ್ಕಾಗಿಯೇ ಸಹಕಾರ ಸಂಘ ಕಟ್ಟಿಕೊಂಡರು. ಕೇವಲ ಮೂರು ವರ್ಷಗಳಲ್ಲಿ, 1939ರಲ್ಲಿ, ಮೈಸೂರು ಅರಮನೆಯ ಹೈನು ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೃತಕ ವಿಧಾನದಿಂದ ಸೇರಿಸಿದರು. 33 ಹಸುಗಳು ಗಬ್ಬವಾದವೆಂದು ದಾಖಲಾಗಿದೆ. ಭಾರತದಲ್ಲಿ ಇದೇ ಮೊದಲ ಪ್ರಯೋಗ. 1942ರಲ್ಲಿ ಉತ್ತರದ ಇಜ್ಜತ್‌ನಗರದ ಸಂಶೋಧನಾ ಸಂಸ್ಥೆಯಲ್ಲಿ ಇದರ ವ್ಯವಸ್ಥಿತ ಅಧ್ಯಯನ ತೊಡಗಿತು. ಬಳಿಕ ತೆರೆದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಗಿತ್ತು.

ಆಗಿನ ತೊಡಕೆಂದರೆ ವೀರ್ಯವನ್ನು ಬಹಳ ದಿನ ಇಡಲಾಗುತ್ತಿರಲಿಲ್ಲ. 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ಮೂವರು ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸುವ ವಿಧಾನವನ್ನು ಪ್ರಕಟಿಸಿದರು. ಸಕ್ಕರೆಯ ದ್ರಾವಣವೆಂದು ಬಳಸಿದ ಸೀಸೆಯಲ್ಲಿ ಇದ್ದದ್ದು ಗ್ಲಿಸರಾಲ್ ಎಂಬುದು ಅವರಿಗೆ ತಿಳಿದದ್ದು ತಡವಾಗಿ. ಸೀಸೆಗಳ ಅದಲುಬದಲಿನಿಂದ ಹುಟ್ಟಿದ ಆ ಶೋಧ ಲೋಕದ ಹೈನುಗಾರಿಕೆಯನ್ನೇ ಬದಲಿಸಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟರೆ ಹೋರಿ ಸತ್ತು ವರ್ಷಗಳಾದರೂ ಅದರ ಬೀಜ ಜೀವಂತ. ಕೇರಳದ ಮಾಟ್ಟುಪ್ಪೆಟ್ಟಿಯಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದಲೂ, ನಮ್ಮ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ಸಹಕಾರದಿಂದಲೂ 1960ರ ದಶಕದಲ್ಲಿ ಈ ಕಾರ್ಯ ನೆಲೆಯೂರಿತು. ಅಂದಿನಿಂದ ಉಕ್ಕಿನ ಜಾಡಿಯೊಂದನ್ನು ಸೈಕಲ್ಲಿಗೋ ಮೋಟಾರುಬೈಕಿಗೋ ಕಟ್ಟಿಕೊಂಡು ಊರೂರು ಸುತ್ತುವ ಮನುಷ್ಯ ನಮ್ಮ ಹಳ್ಳಿಗಳ ಪರಿಚಿತ ದೃಶ್ಯವಾದ.

ಸ್ವಾತಂತ್ರ್ಯಾನಂತರದ ಯೋಜಕರು ಮೇವನ್ನು ಮರೆತಿದ್ದರೆಂದು ಹೇಳುವುದು ಅನ್ಯಾಯ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಆರಂಭವಾದ ಕೀಲಿ ಗ್ರಾಮ ಯೋಜನೆಯಲ್ಲಿ ಉತ್ತಮ ಹೋರಿ, ಕೀಳು ಹೋರಿಗಳ ಬೀಜ ಒಡೆಯುವುದು, ರೋಗ ನಿಯಂತ್ರಣ ಮತ್ತು ಮೇವಿನ ಅಭಿವೃದ್ಧಿ ಎಲ್ಲವೂ ಒಟ್ಟಿಗೇ ಇದ್ದವು. ಆದರೆ ಕಾಗದದ ಮೇಲಿನ ನಾಲ್ಕು ಕೆಲಸಗಳಲ್ಲಿ ಸುಲಭವಾಗಿ ಎಣಿಸಬಹುದಾದದ್ದು ಮಾತ್ರ ನಡೆಯುತ್ತದೆಂಬುದು ಆಡಳಿತದ ಹಳೆಯ ರೋಗ. ಎಷ್ಟು ಹಸುಗಳಿಗೆ ಸೂಜಿ ಹಾಕಲಾಯಿತೆಂದು ಸಂಜೆಯೊಳಗೆ ಬರೆಯಬಹುದು. ಎಷ್ಟು ಗೋದಲಿಗಳಲ್ಲಿ ಹಸಿರು ಮೇವಿತ್ತೆಂದು ಯಾರು ಬರೆಯುತ್ತಾರೆ?

1974ರ ಬಳಿಕ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ನಮ್ಮ ಜಿಲ್ಲೆಗಳಿಗೆ ಬಂದಿತು. ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. 1984ರಲ್ಲಿ ಅವು ಕರ್ನಾಟಕ ಹಾಲು ಮಹಾಮಂಡಲದ ಆಶ್ರಯಕ್ಕೆ ಬಂದವು. ಶಿಕ್ಷಕನಾಗಿ ಆ ಬದಲಾವಣೆಯನ್ನು ನಾನು ಹಾಜರಿ ಪುಸ್ತಕದಲ್ಲಿ ಕಂಡೆ. ಸಂಘದ ಬಟವಾಡೆಯ ಮರುದಿನ ಶುಲ್ಕದ ಬಾಕಿ ತೀರುತ್ತಿತ್ತು. ಹೆಣ್ಣುಮಕ್ಕಳ ಕೈಯಲ್ಲಿ ಹೊಸ ನೋಟುಪುಸ್ತಕ ಕಾಣುತ್ತಿತ್ತು. ಹಸು "ಬತ್ತಿದ" ತಿಂಗಳುಗಳಲ್ಲಿ ಅದೇ ಮಕ್ಕಳು ಮೌನವಾಗಿ ಹಿಂದಿನ ಬೆಂಚಿಗೆ ಸರಿಯುತ್ತಿದ್ದರು. ಗಬ್ಬ ಕಟ್ಟದ ಹಸು ಶಾಲೆಯನ್ನೂ ತಟ್ಟುತ್ತದೆ.

ಈ ಹೊಸ ಕಾಲದ ಮಿಶ್ರತಳಿ ಹಸು ಹಳೆಯ ನಾಟಿ ಹಸುವಲ್ಲ ಎಂಬುದೇ ಮುಂದಿನ ತೊಡಕಿನ ಮೂಲ. ದಿನಕ್ಕೆ ಎರಡು ಲೀಟರು ಕೊಡುತ್ತಿದ್ದ ಹಸುವಿನ ಜಾಗದಲ್ಲಿ ಹತ್ತು ಹದಿನೈದು ಲೀಟರು ಕೊಡುವ ಹಸು ಬಂದಿತು. ಅನೇಕ ಮನೆಗಳಲ್ಲಿ ಗೋದಲಿ ಮಾತ್ರ ಮೊದಲಿನದೇ ಉಳಿಯಿತು. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಏರುತ್ತದೆ, ಆದರೆ ಹಸುವಿನ ಹಸಿವು ಅಷ್ಟೇ ಬೇಗ ಏರುವುದಿಲ್ಲ. ತಿಂದದ್ದು ಸಾಲದಾದಾಗ ಅದು ತನ್ನ ಮೈಯ ಕೊಬ್ಬನ್ನು ಕರಗಿಸಿ ಹಾಲಿಗೆ ಸುರಿಯುತ್ತದೆ. ದೇಹದ ಆಯವ್ಯಯದಲ್ಲಿ ಮೊದಲು ಪ್ರಾಣಧಾರಣೆ, ಆಮೇಲೆ ಹಾಲು, ಕಟ್ಟಕಡೆಗೆ ಸಂತಾನ. ಖರ್ಚಿಗೆ ಸಾಲದಿರುವಾಗ ಪ್ರಕೃತಿ ಮೊದಲು ಕತ್ತರಿಸುವುದು ಕೊನೆಯ ಬಾಬತ್ತನ್ನೇ: ಅಂಡಾಶಯ ಸುಮ್ಮನಾಗುತ್ತದೆ, ಬೆದೆ ಕಾಣುವುದಿಲ್ಲ, ಕಂಡರೂ ಗಬ್ಬ ನಿಲ್ಲುವುದಿಲ್ಲ. ರಂಜಕ, ತಾಮ್ರ, ಸತುಗಳ ಕೊರತೆಯೂ, ಹಸಿರಿಲ್ಲದ ಬೇಸಗೆಯಲ್ಲಿ ಎ ಜೀವಸತ್ತ್ವದ ಕೊರತೆಯೂ ಇದಕ್ಕೆ ಸೇರಿಕೊಳ್ಳುತ್ತವೆ. ಒಂದೊಂದು ಸೀಮೆಯ ಮಣ್ಣಿನ ಕೊರತೆ ಒಂದೊಂದು ಬಗೆ. ಆದುದರಿಂದಲೇ 1995ರಲ್ಲಿ ಆಡುಗೋಡಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳ ಮೇಲೆ ಕೆಲಸ ಮಾಡಿತು.

ಮೇವಿನಷ್ಟೇ ಮುಖ್ಯವಾದದ್ದು ಹೊತ್ತು. ಗೋಮಾಳದಲ್ಲಿ ಹಸು ಬೆದೆಗೆ ಬಂದದ್ದನ್ನು ಹೋರಿ ಕಂಡುಹಿಡಿಯುತ್ತಿತ್ತು. ಕೃತಕ ಗರ್ಭಧಾರಣೆ ಬಂದ ಮೇಲೆ ಆ ಜವಾಬ್ದಾರಿ ಮನೆಯವರ ಕಣ್ಣಿಗೆ, ಹೆಚ್ಚಾಗಿ ಮನೆಯ ಹೆಂಗಸರ ಕಣ್ಣಿಗೆ ಬಿದ್ದಿತು. ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಎಷ್ಟೋ ಸಲ ರಾತ್ರಿಯೇ ಬಂದು ಬೆಳಗಿನೊಳಗೆ ಇಳಿಯುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಸುಮಾರು ಹತ್ತು ಹನ್ನೆರಡು ಗಂಟೆಗಳ ನಂತರ. ಆದುದರಿಂದ ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಎಂಬ ಸೂತ್ರವನ್ನು 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬವರು ನೂರಾರು ಹಸುಗಳ ದಾಖಲೆಯಿಂದ ರೂಪಿಸಿದರು. ಅದು ಇಂದಿಗೂ ಚಾಲ್ತಿಯಲ್ಲಿದೆ. "ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು" ಎನ್ನುವಂತೆ, ಹಸು ಕೂಗಿತೆಂದ ಕೂಡಲೇ ಓಡುವುದೂ, ಬಿಡುವಾದಾಗ ನೋಡೋಣವೆಂದು ಮಲಗುವುದೂ ಎರಡೂ ನಷ್ಟಕ್ಕೆ ದಾರಿ.

ಇಂದಿನ ಸ್ಥಿತಿಯೇನು? 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 19 ಕೋಟಿ 25 ಲಕ್ಷ ದನಗಳಿದ್ದವು. ಅವುಗಳಲ್ಲಿ ವಿದೇಶಿ ಮತ್ತು ಮಿಶ್ರತಳಿಯವು 5 ಕೋಟಿಯಷ್ಟು. ಅದೇ ವರ್ಷ ಕೇಂದ್ರ ಸರ್ಕಾರ ರಾಷ್ಟ್ರವ್ಯಾಪಿ ಕೃತಕ ಗರ್ಭಧಾರಣೆ ಕಾರ್ಯಕ್ರಮವನ್ನು ಆರಂಭಿಸಿತು. ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವೂ ಈಗ ಹಳ್ಳಿಯವರೆಗೆ ಬರುತ್ತಿದೆ. ಇಷ್ಟಾದರೂ ಹಳ್ಳಿಗಾಡಿನಲ್ಲಿ ಮಾಡುವ ಮೂರು ಗರ್ಭಧಾರಣೆಗಳಲ್ಲಿ ಫಲಿಸುವುದು ಹೆಚ್ಚು ಕಡಿಮೆ ಒಂದೇ. ಅತ್ತ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಅಮೃತಮಹಲ್ ಕಾವಲು 2008ರ ನಂತರದ ವರ್ಷಗಳಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಆ ಸಂಸ್ಥೆಗಳ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀಜವನ್ನು ಯುರೋಪಿನಿಂದ ಜಾಡಿಯಲ್ಲಿ ತರಬಹುದು. ಹುಲ್ಲುಗಾವಲನ್ನು ಹಾಗೆ ತರಲಾಗದು.

"ಬಿತ್ತಿದಂತೆ ಬೆಳೆ" ಎಂಬ ಗಾದೆಯನ್ನು ನಾವು ಬೀಜದ ಮಹಿಮೆಯೆಂದು ಓದುತ್ತೇವೆ. ಒಳ್ಳೆಯ ಬೇಸಾಯಗಾರ ಬಿತ್ತುವ ಮೊದಲು ನೆಲ ಹದ ಮಾಡುತ್ತಾನೆಂಬುದನ್ನು ಮರೆಯುತ್ತೇವೆ. ಕಾವಲಿನ ಕಾಲದಿಂದ ಇಂದಿನವರೆಗಿನ ಕಥೆಯನ್ನು ಒಟ್ಟಿಗೆ ನೋಡಿದಾಗ ನನಗೆ ಕಾಣುವುದು ಇದೊಂದೇ ಪಾಠ. ನಮ್ಮವರು ಹೋರಿಯನ್ನು ಬದಲಿಸಿದರು, ವಿಧಾನವನ್ನು ಬದಲಿಸಿದರು, ತಳಿಯನ್ನೇ ಬದಲಿಸಿದರು. ಮೇವು ಜೊತೆಯಲ್ಲಿ ನಡೆದಲ್ಲೆಲ್ಲ ಅವು ಫಲಿಸಿದವು. ಮೇವು ಹಿಂದುಳಿದಲ್ಲೆಲ್ಲ ಖಾಲಿ ಗರ್ಭವೇ ಉತ್ತರವಾಯಿತು.

ಹಸು ಸಾಕಿರುವ ನನ್ನ ಶಿಷ್ಯರಿಗೆ ಕೊನೆಯದಾಗಿ ಕೆಲವು ಮಾತು. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಿ, ಆಗ ಕೊಡುವ ಹಿಂಡಿಯನ್ನು ಉಳಿಸಬೇಡಿ; ಮುಂದಿನ ಗಬ್ಬದ ತಯಾರಿ ಅಲ್ಲಿಂದಲೇ ತೊಡಗುತ್ತದೆ. ಕರು ಹಾಕಿದ ಮೇಲೆ ಮೈಯ ಪೋಷಣೆಗೆ ಕೊಡುವುದರ ಜೊತೆಗೆ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋದಂತೆ ಪಶು ಆಹಾರವನ್ನೂ, ದಿನಕ್ಕೆ ಐವತ್ತು ಗ್ರಾಂನಷ್ಟು ಖನಿಜ ಮಿಶ್ರಣವನ್ನೂ ಕೊಡಿ. ಹಿತ್ತಲಲ್ಲಿ ನಾಲ್ಕು ಸಾಲಾದರೂ ನೇಪಿಯರ್ ಹುಲ್ಲು ಇರಲಿ. ಬೆಳಗ್ಗೆ, ಸಂಜೆ, ಮಲಗುವ ಮುನ್ನ ಒಮ್ಮೆ ಕೊಟ್ಟಿಗೆಯತ್ತ ನೋಡಿ. ಸೂಜಿ ಹಾಕಿಸಿದ ಹದಿನೆಂಟರಿಂದ ಇಪ್ಪತ್ತನಾಲ್ಕನೆಯ ದಿನದವರೆಗೆ ವಿಶೇಷವಾಗಿ ಗಮನಿಸಿ. ಮತ್ತೆ ಬೆದೆ ಕಾಣದಿದ್ದರೂ ಗಬ್ಬವೆಂದು ನಂಬಿ ಕೂರದೆ, ಎರಡು ಮೂರು ತಿಂಗಳಲ್ಲಿ ಪರೀಕ್ಷೆ ಮಾಡಿಸಿ. ಮೂರು ಸಲ ನಿಲ್ಲದಿದ್ದರೆ ನಾಲ್ಕನೆಯ ಸೂಜಿಗೆ ಮೊದಲು ಪಶುವೈದ್ಯರಿಗೆ ತೋರಿಸಿ. ಗೊಡ್ಡೆಂದು ಸಂತೆಗೆ ಹೊಡೆಯುವ ಮುನ್ನ ಗೋದಲಿಯನ್ನೊಮ್ಮೆ ಬಗ್ಗಿ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಬರೆದಿಡಿ. ಇಸವಿಗಳನ್ನು ನೆನಪಿಟ್ಟುಕೊಳ್ಳಿರೆಂದು ನಿಮ್ಮನ್ನು ಎಷ್ಟೋ ವರ್ಷ ಪೀಡಿಸಿದ ಮೇಷ್ಟರು ಈಗಲೂ ಹೇಳುವುದು ಅದನ್ನೇ. ಈ ಸಲದ ತಾರೀಖುಗಳು ನಿಮ್ಮ ಮನೆಗೆ ಹಾಲು ತರುವಂಥವು.